ಒಬ್ಬರು ನಿಲ್ಲುವಷ್ಟು ಜಾಗ

ಹೋದ ವಾರ ಮದುವೆಯ ಆಲ್ಬಮ್ ಬಂತು. ದಪ್ಪ ದಪ್ಪ ಹಾಳೆ, ಅಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಸ್ಟೇಜಿನ ಮೇಲಿನ ಒಂದು ಫೋಟೋದಲ್ಲಿ ನಾನು ಮದುಮಗಳ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದೇನೆ. ನಾನು ಹಾಗೆ ನಿಂತಿರಲೇ ಇಲ್ಲ. ನಮ್ಮಿಬ್ಬರ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿದ್ದೆವು, ಬೇಕೆಂದೇ ಬಿಟ್ಟಿದ್ದೆವು. ಸ್ಟುಡಿಯೋ ಹುಡುಗರು ಅದನ್ನು ತಪ್ಪು ಎಂದುಕೊಂಡು, ಕಂಪ್ಯೂಟರಿನಲ್ಲಿ ನನ್ನನ್ನು ಎಳೆದು ತಂದು ಅಂಟಿಸಿಬಿಟ್ಟಿದ್ದಾರೆ. ಮೊದಲು ಮೈಯೆಲ್ಲ ಉರಿಯಿತು. ಆಮೇಲೆ, ಪಾಪ, ಅವರಿಗೇನು ಗೊತ್ತು ಅನ್ನಿಸಿತು.

ಅದು ಮದುಮಗಳ ಅಪ್ಪನ ಜಾಗ. ನಮಗೆ ಅವರು ಮೇಲ್ಮನೆ ಅಂಕಲ್. ಬಸವೇಶ್ವರನಗರದ ಆ ಮನೆಯಲ್ಲಿ ಕೆಳಗಿನ ಪೋರ್ಷನ್ ನಮ್ಮದು, ಹೆಂಡತಿ ಮತ್ತು ಪುಟ್ಟ ಮಗಳೊಂದಿಗೆ ಮೇಲಿನದು ಅವರದು. ಬಾಡಿಗೆಗೆ ಬಂದವರು ಸಿನಿಮಾದವರು ಎಂದು ತಿಳಿದಾಗ ನಮ್ಮಮ್ಮನಿಗೆ ಸ್ವಲ್ಪ ದಿಗಿಲೇ ಆಗಿತ್ತು. ನೋಡಿದರೆ ಹೀರೋನೂ ಇಲ್ಲ, ಫೈಟೂ ಇಲ್ಲ. ಅವರದು ಬೇರೆಯೇ ಹುಚ್ಚು. ನಿಜವಾದ ಮನುಷ್ಯರನ್ನು ಕ್ಯಾಮೆರಾದಲ್ಲಿ ಹಿಡಿದು, ಅವರ ಪಕ್ಕದಲ್ಲಿ ಕೈಯಲ್ಲಿ ಬರೆದ ಪ್ರಾಣಿಗಳನ್ನು ಓಡಾಡಿಸುವುದು. ಅವರ ಪುಟ್ಟ ಚಿತ್ರವೊಂದು ಒಮ್ಮೆ ಭಾನುವಾರ ಟೀವಿಯಲ್ಲಿ ಬಂದಿತ್ತು. ಶಾಲೆಯ ಮಕ್ಕಳ ಸಾಲಿನಲ್ಲಿ, ಬರೆದ ಮೇಕೆಮರಿಯೊಂದು ಪ್ರಾರ್ಥನೆಗೆ ನಿಂತು ಪಕ್ಕದ ಹುಡುಗನ ಟೈ ತಿನ್ನುತ್ತಿತ್ತು. ನಮ್ಮ ಕ್ರಾಸಿನ ಅರ್ಧ ಜನ ನಮ್ಮ ಹಾಲಿನಲ್ಲಿ ಕೂತು ನೋಡಿದ್ದರು.

ಅದಾದ ಮೇಲೆ ಅಂಕಲ್ ದೊಡ್ಡ ಚಿತ್ರಕ್ಕೆ ಕೈಹಾಕಿದರು. ಒಂದು ಹುಡುಗಿ, ಒಂದು ಅಳಿಲು. ಹುಡುಗಿ ಅವರ ಮಗಳೇ, ಆಗಿನ್ನೂ ಹಾಲುಹಲ್ಲು ಬಿದ್ದಿರದ ಕೂಸು. ಅಳಿಲನ್ನು ಆಮೇಲೆ ಬರೆಯಬೇಕು.

ಶೂಟಿಂಗ್ ನಡೆದದ್ದು ನಮ್ಮ ಕಾಂಪೌಂಡಿನಲ್ಲೇ. ಅಳಿಲು ಎಲ್ಲಿರುತ್ತದೆ ಎಂದು ಮಗುವಿಗೆ ತಿಳಿಯಬೇಕಲ್ಲ, ಅದಕ್ಕೆ ಕಡ್ಡಿಯ ತುದಿಗೆ ನಿಂಬೆಹಣ್ಣು ಚುಚ್ಚಿ ಗೋಡೆಯ ಮೇಲೆ ನಿಲ್ಲಿಸುತ್ತಿದ್ದರು. ಅವಳು ಅದನ್ನೇ ನೋಡಿ ನೋಡಿ ಅಭ್ಯಾಸ ಮಾಡಿಕೊಂಡ ಮೇಲೆ ಕಡ್ಡಿ ತೆಗೆದು ಕ್ಯಾಮೆರಾ ಓಡಿಸುತ್ತಿದ್ದರು. ಚುಚ್ಚಿದ ನಿಂಬೆಹಣ್ಣು ಕಂಡ ಎದುರು ಮನೆಯವರು ಇದು ಮಾಟವೇ ಎಂದು ತೀರ್ಮಾನಿಸಿದರು. ಮನೆ ಹಿಂದೆಯೇ ಇದ್ದ ಓನರ್ ಆಂಟಿಯಂತೂ ವಾರವಿಡೀ ಹಿಂದಿನ ಗೇಟಿನಲ್ಲಿ ಓಡಾಡಿದರು. ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೇ ನಕ್ಕಿದ್ದು. ಆದರೆ ಆ ಮಗು ಬರೀ ಗಾಳಿಗೆ ಕಡಲೆಕಾಯಿ ಚಾಚಿ, ತಗೋ, ತಗೋ ಎಂದು ಕರೆದಾಗ ಅಲ್ಲೇನೋ ಇದೆ ಎಂದೇ ಅನ್ನಿಸುತ್ತಿತ್ತು. ಕಣ್ಣು ಅಷ್ಟು ಗಟ್ಟಿಯಾಗಿ ಒಂದೇ ಕಡೆ ನಿಲ್ಲುತ್ತಿತ್ತು. ನೋಡುವವರು ಸರಿಯಾಗಿ ನೋಡಿದರೆ ಇಲ್ಲದ್ದೂ ಬಂದು ನಿಲ್ಲುತ್ತದೆ ಎಂದು ಅಂಕಲ್ ಹೇಳುತ್ತಿದ್ದರು. ಅಳಿಲು ಯಾವಾಗ ಬರುತ್ತಪ್ಪ ಎಂದು ಅವಳು ದಿನಾ ಕೇಳುವಳು. ಬರುತ್ತೆ ಕಣೇ, ಬರೀತಾ ಇದೀನಿ ಎನ್ನುವರು.

ಬರೆಯುವುದೆಂದರೆ ಸುಲಭವೇ? ಗಾಜಿನ ಮೇಜಿನ ಕೆಳಗೆ ಟ್ಯೂಬ್‌ಲೈಟ್ ಹಾಕಿಕೊಂಡು, ಅಳಿಲು ತಲೆ ಎತ್ತುವುದಕ್ಕೊಂದು ಹಾಳೆ, ಇನ್ನಷ್ಟು ಎತ್ತುವುದಕ್ಕೆ ಇನ್ನೊಂದು ಹಾಳೆ... ಅಷ್ಟರಲ್ಲಿ ಬಂಡವಾಳ ಹಾಕುತ್ತೇನೆಂದವರು ಕೈಯೆತ್ತಿದರು. ಅಂಕಲ್ ಹೊಟ್ಟೆಪಾಡಿಗೆ ಮದುವೆ ವಿಡಿಯೋ ತೆಗೆಯಲು ಹೊರಟರು.

ನನ್ನ ಮದುವೆಯಾದದ್ದು ಅದೇ ಹೊತ್ತಿಗೆ. ನಮ್ಮಪ್ಪ ಹೋಗಿ ವರ್ಷ ತುಂಬಿತ್ತಷ್ಟೆ. ಅಮ್ಮ ಎಲ್ಲರ ಹಿಂದೆ, ಕಂಬದ ಮರೆಯಲ್ಲಿ ನಿಂತಿದ್ದಳು. ಅಕ್ಷತೆ ಹಾಕುವ ಹೊತ್ತಿಗೆ ಅಂಕಲ್ ಕ್ಯಾಮೆರಾ ಇಳಿಸಿ ಅವಳನ್ನು ಮುಂದೆ ಕರೆದರು. "ಅಮ್ಮ, ನಿಮ್ಮ ಪಕ್ಕ ಒಬ್ರು ನಿಲ್ಲೋಷ್ಟು ಜಾಗ ಬಿಡಿ" ಎಂದರು. ಯಾಕೆ ಎಂದು ಯಾರಿಗೂ ತಿಳಿಯಲಿಲ್ಲ. ಬೆಳಕಿಗಿರಬೇಕು ಎಂದುಕೊಂಡೆವು.

ಕ್ಯಾಸೆಟ್ ಬರಲು ತಿಂಗಳುಗಳೇ ಹಿಡಿದವು. ನಾನು ಸುಮ್ಮನಿರುವವಳಲ್ಲ, ಮೆಟ್ಟಿಲು ಹತ್ತಿ ಹೋಗಿ ಜಗಳವನ್ನೂ ಆಡಿ ಬಂದಿದ್ದೆ. ಕೊನೆಗೆ ಬಂತು. ಹಾಕಿ ನೋಡಿದರೆ ಅಮ್ಮನ ಪಕ್ಕದ ಆ ಜಾಗದಲ್ಲಿ ಅಪ್ಪ ನಿಂತಿದ್ದ. ಬರೆದ ಅಪ್ಪ. ಬರೆದದ್ದೆಂದು ಕಾಣುವಂತೆಯೇ ಬರೆದಿದ್ದರು. ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಶಲ್ಯ. ಅಕ್ಷತೆ ಹಾಕುವ ಮುಂಚೆ, ಮಡಚಿದ ಬೆರಳಿನಿಂದ ಕನ್ನಡಕವನ್ನು ಮೇಲೆ ತಳ್ಳಿದ. ಅದು ಅಪ್ಪನ ಅಭ್ಯಾಸ. ಅಮ್ಮ ಟೀವಿಯ ಹತ್ತಿರಕ್ಕೇ ಸರಿದು ಕೂತಳು. ಆಮೇಲೆ, "ಕನ್ನಡಕ ಸರಿ ಮಾಡ್ಕೊಂಡ್ರು ನೋಡೇ" ಎಂದವಳೇ ಸೆರಗು ಬಾಯಿಗಿಟ್ಟುಕೊಂಡಳು. ನಾನೂ ಬಿಕ್ಕಿ ಬಿಕ್ಕಿ ಅತ್ತೆ.

ಆ ಕ್ಯಾಸೆಟ್ ನೆಂಟರ ಮನೆಗಳಿಗೆಲ್ಲ ಹೋಯಿತು. ಅಂಕಲ್‌ಗೆ ಅದೇ ಮುಳುವಾಯಿತು.

ವಿಜಯನಗರದವರು, ಶ್ರೀಗಂಧದ ಕಾವಲಿನವರು, ದಾವಣಗೆರೆಯ ನಮ್ಮ ಕಡೆಯವರು, ಎಲ್ಲರೂ ಸತ್ತವರ ಫೋಟೋ ಹಿಡಿದು ಬಂದರು. ತಂದೆ, ತಾಯಿ, ಅಪಘಾತದಲ್ಲಿ ಹೋದ ಅಣ್ಣ. ಅಂಕಲ್ ಫೋಟೋ ಬದಿಗಿಟ್ಟು ಮೊದಲು ಕೇಳುತ್ತಿದ್ದದ್ದು, ಹೇಗೆ ನಡೀತಿದ್ರು ಎಂದು. ಟವೆಲ್ ಯಾವ ಹೆಗಲಿಗೆ? ನಗುವಾಗ ಬಾಯಿಗೆ ಕೈ ಅಡ್ಡ ಇಡ್ತಿದ್ರಾ? ಬಂದವರು ಹೇಳುತ್ತಾ ಹೇಳುತ್ತಾ ಅಳುವರು, ಕೆಲವರು ಎದ್ದು ನಡೆದು ತೋರಿಸುವರು. ತವರಿಗೆ ಹೋದಾಗಲೆಲ್ಲ ಮೆಟ್ಟಿಲ ಮೇಲೆ ಯಾರಾದರೊಬ್ಬರು ಕಣ್ಣೊರೆಸಿಕೊಳ್ಳುತ್ತಾ ಇಳಿಯುತ್ತಿದ್ದರು. ಇಲ್ಲ ಅನ್ನುವುದು ಆ ಮನುಷ್ಯನಿಗೆ ಬರುತ್ತಲೇ ಇರಲಿಲ್ಲ.

ನಿಮ್ಮ ಸಿನಿಮಾ ಏನಾಯಿತು ಎಂದು ಒಮ್ಮೆ ತಡೆಯಲಾರದೆ ಕೇಳಿದೆ. ಬ್ರಷ್ ತೊಳೆಯುತ್ತಿದ್ದವರು ತಲೆ ಎತ್ತಲಿಲ್ಲ.

"ಅಳಿಲು ಕಾಯುತ್ತೆ ಕಣಮ್ಮ. ಇವರು ಎಲ್ಲಿ ಕಾಯ್ತಾರೆ?"

ಅಳಿಲು ಕಾಯಿತು. ಮಗಳು ಕಾಯಲಿಲ್ಲ, ಬೆಳೆದಳು. ಕಾಲೇಜಿಗೆ ಹೋಗುವಾಗ ಒಂದು ದಿನ ಆ ಹಳೆಯ ದೃಶ್ಯಗಳನ್ನು ಹಾಕಿಕೊಂಡು ನೋಡಿದಳಂತೆ. ತಾನೇ ಖಾಲಿ ಗೋಡೆಗೆ ಕಡಲೆಕಾಯಿ ಚಾಚಿ, ತಗೋ, ತಗೋ ಎಂದು ಗೋಗರೆಯುವುದನ್ನು. ಊರ ಹೆಣಗಳಿಗೆಲ್ಲ ಜೀವ ಕೊಡ್ತೀಯ, ನನಗೊಂದು ಅಳಿಲು ಕೊಡೋಕಾಗಲಿಲ್ವಾ ಎಂದು ಅಪ್ಪನ ಮೇಲೆ ಹಾರಾಡಿ, ಕೆಳಗೆ ನಮ್ಮಮ್ಮನ ಹತ್ತಿರ ಬಂದು ಅತ್ತಿದ್ದಳು.

ಆಮೇಲೆ ಕಂಪ್ಯೂಟರ್ ಬಂತು, ಫೋಟೋ ಕತ್ತರಿಸಿ ಅಂಟಿಸುವವರು ಬೀದಿಗೊಬ್ಬರಾದರು. ಅಂಕಲ್ ಮನೆಯ ಮೆಟ್ಟಿಲು ಖಾಲಿಯಾಯಿತು. ನನಗೆ ಒಳಗೊಳಗೇ ಖುಷಿ, ಇನ್ನು ಅಳಿಲು ಬರುತ್ತದೆ ಎಂದು. ಅವರೂ ಮತ್ತೆ ಗಾಜಿನ ಮೇಜಿಗೆ ಕೂತರು. ಕೈ ನಡುಗುತ್ತಿರಲಿಲ್ಲ, ಕಣ್ಣೂ ಚೆನ್ನಾಗಿಯೇ ಇತ್ತು. ಒಂದು ಸಂಜೆ ನನ್ನನ್ನು ಕರೆದು ಬರೆದಷ್ಟನ್ನು ಓಡಿಸಿ ತೋರಿಸಿದರು. ಗೋಡೆಯ ಮೇಲೆ ಅಳಿಲು ಬಂತು, ಮೆಲ್ಲಗೆ ನೆಟ್ಟಗಾಯಿತು, ಮುಂಗೈ ಎತ್ತಿತು, ಹಾಗೇ ನಿಂತಿತು. ಎದುರಿಗೆ ಮಗು ಕುಣಿಯುತ್ತಿದೆ, ಇದು ಜಪ್ಪಯ್ಯ ಅಂದರೂ ಕದಲದು.

"ಅಕ್ಷತೆ ಹಾಕೋಕೆ ನಿಂತಿರೋ ಹಾಗಿದೆ ಅಲ್ವಾ?" ಎಂದರು ಅಂಕಲ್. "ಎಷ್ಟು ಬರೆದ್ರೂ ನಿಂತ್ಕೊಂಡೇ ಬಿಡುತ್ತೆ ಕಣಮ್ಮ. ಓಡ್ತಾನೇ ಇಲ್ಲ."

ಅವರು ಆ ಹಾಳೆಗಳನ್ನು ಕಟ್ಟಿ ಅಟ್ಟದ ಮೇಲಿಟ್ಟರು, ಮತ್ತೆ ಇಳಿಸಲಿಲ್ಲ. ಕೆಲವು ವರ್ಷಗಳಲ್ಲಿ ಅವರೂ ಹೋಗಿಬಿಟ್ಟರು.

ಹೋದ ತಿಂಗಳು ಗೋವಿಂದರಾಜನಗರದ ಛತ್ರದಲ್ಲಿ ಆ ಹುಡುಗಿಯ ಮದುವೆ. ಫೋಟೋಗೆ ನಿಂತಾಗ ಅವಳೇ ನನ್ನ ತೋಳು ಹಿಡಿದು ಆಚೆ ಸರಿಸಿದಳು. "ಅಕ್ಕ, ಇಲ್ಲಿ ಒಬ್ರು ನಿಲ್ಲೋಷ್ಟು ಜಾಗ ಬಿಡಿ" ಎಂದಳು. ಫೋಟೋದ ಹುಡುಗ, ಗ್ಯಾಪ್ ಬರ್ತಿದೆ ಆಂಟಿ, ಹತ್ರ ಬನ್ನಿ ಎನ್ನುತ್ತಲೇ ಇದ್ದ. ನಾವು ಕದಲಲಿಲ್ಲ. ಅವಳು ಪಕ್ಕಕ್ಕೆ ತಿರುಗಿದಳು. ಅಂಕಲ್ ಅವಳಿಗಿಂತ ಸ್ವಲ್ಪ ಗಿಡ್ಡ. ಅವಳ ಕಣ್ಣು ಸರಿಯಾಗಿ ಅವರ ಮುಖದ ಎತ್ತರಕ್ಕೆ ಹೋಗಿ ನಿಂತಿತು... ಆಲ್ಬಮ್‌ನಲ್ಲಿ ಈಗ ಅವಳು ನನ್ನ ಹೆಗಲನ್ನು ನೋಡುತ್ತಿದ್ದಾಳೆ.

ಸ್ಟುಡಿಯೋಗೆ ಫೋನ್ ಮಾಡಿ, ಜಾಗ ಯಾಕೆ ಬಿಟ್ಟಿದ್ದೆವೆಂದು ಹೇಳಿ, ಮೊದಲಿನ ಫೋಟೋ ಕೇಳಿದೆ. ಹುಡುಗ ಒಳ್ಳೆಯವನೇ. "ಅಷ್ಟೇನಾ ಆಂಟಿ? ಅಂಕಲ್ ಫೋಟೋ ಒಂದು ವಾಟ್ಸಾಪ್ ಮಾಡಿ, ನಾಳೆನೇ ನಿಲ್ಲಿಸ್ಕೊಡ್ತೀನಿ" ಎಂದ. ಬೇಡಪ್ಪ, ಖಾಲಿ ಇರುವುದನ್ನೇ ಕಳಿಸು ಎಂದೆ.

ಅವರು ಹೇಗೆ ನಡೆಯುತ್ತಿದ್ದರು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಹೊರಗೆ ಕ್ಯಾಮೆರಾಕ್ಕೆ ಹಿಡಿಸಿ ತಂದ ಹಾಳೆಗಳ ಮೇಲೆ ಬೆರಳ ಗುರುತು ಬೀಳದಂತೆ ಎರಡೂ ಅಂಗೈ ಮೇಲಿಟ್ಟುಕೊಂಡು, ಮೈಯಿಂದ ದೂರ ಹಿಡಿದು, ಓರೆಯಾಗಿ ಮೆಟ್ಟಿಲು ಹತ್ತುತ್ತಿದ್ದರು. ಅಳಿಲು ಬಂತಾಪ್ಪ ಎಂದು ಮಗಳು ಮೇಲಿನಿಂದ ಕೂಗಿದರೆ, ಆ ಮೆಟ್ಟಿಲ ಮೇಲೆಯೇ ಒಂದು ಗಳಿಗೆ ನಿಂತುಬಿಡುತ್ತಿದ್ದರು.