ಮೇಷ್ಟ್ರು ಆಡದ ಮಾತಿಗೊಂದು ಕಲ್ಲು

ನೆಲಮಂಗಲದಲ್ಲಿ ನಾನು ಅನುಕರಣೆ ಮಾಡದೆ ಬಿಟ್ಟವರಿರಲಿಲ್ಲ. ತುಮಕೂರು ಬಸ್ಸಿನ ಕಂಡಕ್ಟರು ಮೂಗಿನಲ್ಲಿ ಊರುಗಳ ಹೆಸರು ಕೂಗುವುದು, ಟೌನ್ ಪಂಚಾಯಿತಿ ಚೇರ್ಮನ್ನರ ಭಾಷಣ, ನಮ್ಮಪ್ಪನ ಗೊರಕೆ, ಎಸ್ಸೆಸ್ಸೆಲ್ಸಿಯಲ್ಲಿ ಎರಡನೇ ಸಲವೂ ಡುಮ್ಕಿ ಹೊಡೆದು ಅದೇ ಅಪ್ಪನ ಮುಂದೆ ತೊದಲುವ ನನ್ನನ್ನು ಕೂಡ ಮಾಡಿ ತೋರಿಸುತ್ತಿದ್ದೆ. ಆದರೆ ಜನ ಕೇಳಿ ಕೇಳಿ ಮಾಡಿಸುತ್ತಿದ್ದದ್ದು ನಮ್ಮ ಮೇಷ್ಟ್ರನ್ನು.

ಮೇಷ್ಟ್ರ ಶಾಲೆ ನಡೆಯುತ್ತಿದ್ದದ್ದು ಹೆದ್ದಾರಿ ಪಕ್ಕದ ಹಳೆಯ ಛತ್ರದಲ್ಲಿ. ಹಿಂದೆ ದಾರಿಹೋಕರು ಗಾಡಿ ಬಿಟ್ಟು ಮಲಗುತ್ತಿದ್ದ ಜಾಗ. ಕಲ್ಲಿನ ಕಂಬಗಳು ಗಟ್ಟಿ, ಮೇಲಿನ ಹೆಂಚುಗಳು ಮಾತ್ರ ಒಡಕು. ಮಳೆ ಬಂದರೆ ಸ್ಲೇಟನ್ನು ತಲೆಯ ಮೇಲೆ ಹಿಡಿದು ಕೂರುತ್ತಿದ್ದೆವು. ಸೂರು ಸರಿಮಾಡಿಸಿ ಎಂದು ಮೇಷ್ಟ್ರು ಪ್ರತಿ ವರ್ಷ ಪಂಚಾಯಿತಿಗೆ ಅರ್ಜಿ ಕೊಟ್ಟರು. ಪ್ರತಿ ವರ್ಷ ನಾವು ನೆನೆದೆವು. ಕೊನೆಕೊನೆಗೆ ಶಾಲೆ ಬಿಟ್ಟು ಹೋಗುವ ಹುಡುಗರಿಗೆಲ್ಲ ಅವರು ಹೇಳುತ್ತಿದ್ದದ್ದು ಒಂದೇ: “ಹೋಗ್ರಯ್ಯಾ. ನಿಮ್ಮ ತಲೆ ಮೇಲೆ ಒಂದು ಸೂರು ಹಾಕ್ಸದ ಊರು ಇದು. ತಿರುಗಿ ನೋಡ್ಬೇಡಿ.”

ಅವರು ನಿವೃತ್ತರಾದ ಮೇಲೆ ಒಂದು ಸಲ ಶಾಲೆಯ ವಾರ್ಷಿಕೋತ್ಸವದಲ್ಲಿ ನನ್ನನ್ನು ವೇದಿಕೆ ಹತ್ತಿಸಿದರು. ಮೇಷ್ಟ್ರ ಕೆಮ್ಮು ಕೆಮ್ಮಿದೆ, ಸೀಮೆಸುಣ್ಣದ ಕೈಯನ್ನು ಅವರಂತೆಯೇ ಕೋಟಿಗೆ ಒರೆಸಿಕೊಂಡೆ. ಜನ ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿ ಚೇರ್ಮನ್ನರು ಕೂತಿದ್ದರು. ಊರನ್ನು ಬೈಯುವ ಆ ಮಾತನ್ನು ಹೇಳಲು ಧೈರ್ಯ ಸಾಲಲಿಲ್ಲ, ಚಪ್ಪಾಳೆಯ ಆಸೆ ಬೇರೆ. ಬಾಯಿಗೆ ಬಂದದ್ದನ್ನು ಮೇಷ್ಟ್ರ ದನಿಯಲ್ಲಿ ಹೇಳಿಬಿಟ್ಟೆ: “ಮಕ್ಕಳೇ, ಊರು ನಿಮ್ಮನ್ನು ಮರೆತರೂ ನೀವು ಊರನ್ನು ಮರೆಯಬೇಡಿ.”

ಹೆಂಗಸರು ಕಣ್ಣೊರೆಸಿಕೊಂಡರು. ಹಿಂದೆ ಕಂಬಕ್ಕೊರಗಿ ನಿಂತಿದ್ದ ಮೇಷ್ಟ್ರು ಆಮೇಲೆ ನನ್ನನ್ನು ತಡೆದು, “ಇದನ್ನ ನಾನು ಯಾವತ್ತಯ್ಯಾ ಹೇಳಿದ್ದೆ?” ಎಂದರು.

“ಹೇಳಿದ್ರೆ ಚೆನ್ನಾಗಿರ್ತಿತ್ತಲ್ವಾ ಸಾರ್,” ಎಂದು ಹಲ್ಲು ಕಿರಿದೆ. ಅವರು ನಗಲಿಲ್ಲ.

ಅಲ್ಲಿಂದಾಚೆಗೆ ಹೋಟೆಲಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಮನೆಗಳಲ್ಲಿ ಜನರಿಗೆ ಅದೇ ಮಾತು ಬೇಕು. ನಾನೂ ಹೇಳಿದ್ದೇ ಹೇಳಿದ್ದು. ಎರಡು ವರ್ಷದ ಮೇಲೆ ಮೇಷ್ಟ್ರು ತೀರಿಕೊಂಡರು.

ತಿಂಗಳು ಕಳೆದಿರಬೇಕು. ಬೆಳಿಗ್ಗೆ ಛತ್ರದ ಮುಂದೆ ಹೋಗುತ್ತಿದ್ದಾಗ ಉಳಿಯ ಸದ್ದು ಕೇಳಿಸಿತು. ಕಲ್ಲುಕುಟಿಗನೊಬ್ಬ ಗೋಡೆಗೆ ಕೂರಿಸುವ ಚಪ್ಪಡಿಯ ಮೇಲೆ ಬಗ್ಗಿದ್ದ. ಮೇಲೆ ಮೇಷ್ಟ್ರ ಹೆಸರು, ಅವರು ಇಲ್ಲಿ ಪಾಠ ಹೇಳಿದರೆಂಬ ಒಂದು ಸಾಲು. ಅದರ ಕೆಳಗೆ ಸೀಮೆಸುಣ್ಣದಲ್ಲಿ ಬರೆದುಕೊಂಡಿದ್ದದ್ದು ನಾನು ಕಟ್ಟಿದ ಮಾತು. ‘ಮಕ್ಕಳೇ’ ಎಂಬುದು ಆಗಲೇ ಕಲ್ಲಿಗೆ ಇಳಿದಿತ್ತು.

ಅವನ ಮುಂದೆ ಕುಕ್ಕರಿಸಿದೆ. “ಅಣ್ಣಾ, ನಿಲ್ಸಣ್ಣ. ಆ ಮಾತು ಅವರದಲ್ಲ.”

“ಚೀಟೀಲಿರೋದನ್ನ ಹೊಡೀತೀನಪ್ಪಾ ನಾನು. ಚೇರ್ಮನ್ರು ಬೇಡ ಅಂದ್ರೆ ಬಿಡ್ತೀನಿ. ನಾಳೆನೇ ಕೂರಿಸ್ಬೇಕು, ಹೋಗೋದಾದ್ರೆ ಬೇಗ ಹೋಗು.”

ಓಡಿದೆ. ಚೇರ್ಮನ್ನರು ತಮ್ಮ ರಾಗಿ ಮಿಲ್ಲಿನಲ್ಲಿ ನಾಲ್ಕು ಜನರ ನಡುವೆ ಕೂತಿದ್ದರು. ಕೈ ಮುಗಿದೆ. “ಸಾರ್, ಆ ಕಲ್ಲಿನ ಮೇಲಿರೋದು ಮೇಷ್ಟ್ರ ಮಾತಲ್ಲ. ನಾನು ಕಟ್ಟಿದ್ದು. ತಪ್ಪಾಯ್ತು, ನಿಲ್ಲಿಸ್ಬಿಡಿ.”

ಅವರು ನನ್ನ ಮುಖವನ್ನೇ ನೋಡಿ ತೊಡೆ ತಟ್ಟಿ ನಕ್ಕರು. “ಲೇ, ಇದ್ಯಾರನ್ನ ಮಾಡ್ತಿದ್ದೀಯೋ? ಶಾನುಭೋಗರ ಮಗನ್ನಾ? ಕೈ ಮುಗಿಯೋದು ಥೇಟ್ ಅವನ್ದೇ!”

“ಯಾರನ್ನೂ ಅಲ್ಲ ಸಾರ್. ನಾನೇ ಇದು.”

“ನೋಡ್ರಯ್ಯಾ, ಕಣ್ಣಲ್ಲಿ ನೀರು ಹೆಂಗ್ ತರಿಸ್ಕೊಂಡ!”

“ದೇವ್ರಾಣೆ ಸಾರ್...”

“ಸಾಕು ಬಿಡೋ. ಆ ಮಾತನ್ನ ಮೇಷ್ಟ್ರು ನನ್ ಕೈ ಹಿಡ್ಕೊಂಡು ಹೇಳಿದ್ರು ಕಣೋ. ಇಲ್ಲೇ, ಈ ಬೆಂಚ್ ಮೇಲೆ ಕೂತ್ಕೊಂಡು.”

ಅವರು ಬೇಕೆಂದು ಸುಳ್ಳಾಡುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ಹಾಗೆ ನೆನಪಿತ್ತು. 

ಉಳಿದ ದಾರಿ ಒಂದೇ. ಮೇಷ್ಟ್ರ ಹೆಂಡತಿ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಏದುಸಿರಿನಲ್ಲೇ ಎಲ್ಲವನ್ನೂ ಹೇಳಿದೆ. “ನೀವು ಬಂದು ಹೇಳಿದ್ರೆ ನಂಬ್ತಾರಮ್ಮಾ.”

“ಅದು ಅವರ ಮಾತಲ್ಲ ಅಂತ ನಂಗೊತ್ತು ಕಣಪ್ಪ.”

“ಹಾಗಾದ್ರೆ ಏಳಿ ಅಮ್ಮಾ, ಹೋಗೋಣ.”

“ಹೋಗಿ? ಅವರು ನಿಜವಾಗಿ ಅಂದಿದ್ದನ್ನ ಕಲ್ಲಿಗೆ ಹೊಡಿಸ್ತಾರಾ? ಕಲ್ಲನ್ನೇ ವಾಪಸ್ ಕಳಿಸ್ತಾರೆ. ಜೀವಮಾನವೆಲ್ಲ ಅರ್ಜಿ ಬರೆದ್ರು, ಒಂದಕ್ಕೂ ಉತ್ತರ ಬರ್ಲಿಲ್ಲ. ಆ ಗೋಡೆ ಮೇಲೆ ಹೆಸರಾದ್ರೂ ಇರ್ಲಿ ಬಿಡು.”

“ನಿಮಗೆ ಸಂಕಟ ಆಗಲ್ವಾ?”

“ಆಗತ್ತೆ,” ಎಂದು ಇನ್ನೊಂದು ಕಾಯಿ ಬಿಡಿಸಿದರು.

ಮಾರನೆಯ ದಿನ ಕಲ್ಲಿನ ಪರದೆ ಸರಿಸಿ ಹಾರ ಹಾಕಿದರು. ಭಾಷಣ ಮುಗಿಸಿದ ಚೇರ್ಮನ್ನರು, “ಎಲ್ಲೋ ಅವನು? ಬಾ, ಆ ಮಾತನ್ನ ಅವರ ಗಂಟಲಲ್ಲೇ ಹೇಳಿಬಿಡು,” ಎಂದು ಕರೆದರು. ಯಾರೋ ನನ್ನನ್ನು ಮುಂದಕ್ಕೆ ತಳ್ಳಿದರು.

ಕೆಮ್ಮಿದೆ. ಕೈಯನ್ನು ಇಲ್ಲದ ಕೋಟಿಗೆ ಒರೆಸಿಕೊಂಡೆ. “ಹೋಗ್ರಯ್ಯಾ. ನಿಮ್ಮ ತಲೆ ಮೇಲೆ ಒಂದು ಸೂರು ಹಾಕ್ಸದ ಊರು ಇದು. ತಿರುಗಿ ನೋಡ್ಬೇಡಿ.”

 ಚೇರ್ಮನ್ನರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಇವತ್ತೂ ತಮಾಷೆ ಬಿಡಲ್ವಲ್ಲೋ ನೀನು!” ಇಡೀ ಛತ್ರ ನಕ್ಕಿತು. ಹಿಂದಿನವರು ಕಂಪನಿ ನಾಟಕದಲ್ಲಿ ಕೂಗುವಂತೆ “ಒನ್ಸ್ ಮೋರ್!” ಎಂದು ಕೂಗಿದರು.

ಮೊದಲ ಸಾಲಿನಲ್ಲಿ ಮೇಷ್ಟ್ರ ಹೆಂಡತಿ ನಗುತ್ತಿರಲಿಲ್ಲ. ಕುರ್ಚಿಯ ಅಂಚಿಗೆ ಬಂದಿದ್ದರು. “ಇನ್ನೊಂದ್ಸಲ ಹೇಳಪ್ಪ,” ಎಂದರು, ನನಗೊಬ್ಬನಿಗೇ ಕೇಳಿಸುವಷ್ಟು ಮೆಲ್ಲಗೆ. “ಅವರೇ ಬಂದಂಗಾಯ್ತು.”

ಅವರಿಗೋಸ್ಕರವಾದರೂ ಹೇಳಬೇಕೆಂದು ಬಾಯಿ ತೆರೆದೆ. ಎಷ್ಟು ತಿಣುಕಿದರೂ ಮೇಷ್ಟ್ರು ಬರಲಿಲ್ಲ. ಬಂದದ್ದು ನನ್ನ ದನಿ, ಒಡಕು ದನಿ.