ಕಬ್ಬಿಣದ ಫಾರಂ ಮತ್ತು ಸರ್ವಮಂಗಳಮ್ಮನ ಕುರ್ಚಿ

ಸರ್ವಮಂಗಳಮ್ಮ ತಮ್ಮ ಜೀವಮಾನದಲ್ಲಿ ಯಾವ ಹುಡುಗಿಗೂ ಒಂದೇಟು ಹೊಡೆದವರಲ್ಲ. ಈ ಮಾತನ್ನು ಕೇಳಿದವರಿಗೂ ಹೇಳುತ್ತಾರೆ, ಕೇಳದವರಿಗೂ ಹೇಳುತ್ತಾರೆ. ತುಮಕೂರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ವಾರ್ಡನ್ ಆಗಿದ್ದರು. ಊಟದ ಹಾಲಿನ ಬಾಗಿಲಲ್ಲಿ ಒಂದು ಬೆತ್ತದ ಕುರ್ಚಿ, ಅದರಲ್ಲಿ ಇವರು, ಮೂಗಿನ ತುದಿಗೆ ಇಳಿದ ಕನ್ನಡಕ. ಅಷ್ಟೇ. ನೂರಿಪ್ಪತ್ತು ಹುಡುಗಿಯರು ತುಟಿ ಪಿಟಕ್ಕೆನ್ನದೆ ಮುದ್ದೆ ನುಂಗಿ, ತಟ್ಟೆ ತೊಳೆದಿಟ್ಟು, ಪುಸ್ತಕ ಹಿಡಿದು ಕೂರುತ್ತಿದ್ದರು. ಹೊಡೆಯುವ ವಾರ್ಡನ್ನುಗಳಿಗೆ ಕೈಯಾದರೂ ನೋಯುತ್ತದೆ, ಇವರಿಗೆ ಅದೂ ಇಲ್ಲ. ಎಂಥ ಸುಖದ ನೌಕರಿ ನೋಡಿ.

ಅವರು ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿ ಒಂದಿದೆ. ಅಮೃತೂರು ಕಡೆಯ ಸಂಧ್ಯಾ ಎಂಬ ಹುಡುಗಿ ಎರಡನೇ ಪಿಯುಸಿ ಪರೀಕ್ಷೆ ಬರೆಯುತ್ತಿದ್ದಾಗ, ಅವಳ ಅಪ್ಪ ತೀರಿಕೊಂಡನೆಂದು ಹಾಸ್ಟೆಲಿಗೆ ಫೋನು ಬಂತು. ಇನ್ನೂ ಎರಡು ಪೇಪರು ಬಾಕಿ ಇದ್ದವು. "ಪರೀಕ್ಷೆ ಇದೆ, ಕಳ್ಸಕ್ಕಾಗಲ್ಲ. ನೀವು ಮುಗಿಸ್ಕೊಳ್ಳಿ" ಎಂದು ಫೋನಿಟ್ಟು ಇವರು ಹೋಗಿ ಕುರ್ಚಿಯಲ್ಲಿ ಕೂತರು. ಮೂರು ದಿನ ಆ ಹುಡುಗಿ ಇವರ ಕಣ್ಣೆದುರಿಗೇ ಉಂಡಳು, ಓದಿದಳು, ಹೋಗಿ ಬರೆದು ಬಂದಳು. ನಾಲ್ಕನೆಯ ದಿನ ಕರೆದು ಹೇಳಿದರು. ಸಂಧ್ಯಾ ಅಳಲಿಲ್ಲ. "ಮೇಡಂ, ನಾನು ಊಟಕ್ಕೆ ಕೂತಾಗ ನಿಮಗೆ ಗೊತ್ತಿತ್ತಾ?" ಎಂದಷ್ಟೇ ಕೇಳಿದಳು. ಗೊತ್ತಿತ್ತು, ಪರೀಕ್ಷೆ ಮುಗೀಲಿ ಅಂತ ಸುಮ್ಮನಿದ್ದೆ ಎಂದರು ಇವರು. ಹುಡುಗಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಆಮೇಲೆ ಅವಳೇನಾದಳು ಎಂದು ಕೇಳಿದರೆ ಸರ್ವಮಂಗಳಮ್ಮನಿಗೆ ಗೊತ್ತಿಲ್ಲ.

ಈಗ ಅವರಿಗೆ ಎಪ್ಪತ್ತೊಂದು. ಗಂಡ ಹೋಗಿ ಒಂಬತ್ತು ವರ್ಷ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದ ಮೇಲೆ ತುಮಕೂರಿನಲ್ಲೇ ಮಗಳು ರೂಪಶ್ರೀ ಮನೆ ಸೇರಿದರು. ವಾಕರ್ ಹಿಡಿದರೂ ಹತ್ತು ಹೆಜ್ಜೆ, ಅದೂ ಯಾರಾದರೂ ಪಕ್ಕದಲ್ಲಿದ್ದರೆ. ರೂಪಶ್ರೀ ಕಾರ್ ಶೆಡ್ಡಿನಲ್ಲಿ ಬೆಂಚು ಹಾಕಿ ಹತ್ತನೇ ಕ್ಲಾಸಿನವರಿಗೆ ಟ್ಯೂಷನ್ ಮಾಡುತ್ತಾಳೆ. ಅಮ್ಮ ಬಂದ ವಾರದಲ್ಲೇ ಅವಳಿಗೊಂದು ಉಪಾಯ ಹೊಳೆಯಿತು. ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿ, ಅಮ್ಮನನ್ನು ಕೂರಿಸಿದಳು. ಕನ್ನಡಕ ಮೂಗಿನ ತುದಿಗೆ ಇಳಿಯಿತು, ಇಪ್ಪತ್ತೆರಡು ಮಕ್ಕಳ ಗುಸುಗುಸು ನಿಂತಿತು. "ಅಜ್ಜಿ ಇರೋವರೆಗೂ ನಮ್ಮ ಮಕ್ಕಳು ಬಾಲ ಬಿಚ್ಚಲ್ಲ ಬುಡಿ" ಎಂದು ತಂದೆತಾಯಂದಿರು ಬಂದು ಹೇಳಿಹೋದರು. ಸರ್ವಮಂಗಳಮ್ಮನ ಮುಖ ಅರಳಿತು. ಸೊಂಟ ಮುರಿದರೇನಂತೆ, ತಾವು ಇನ್ನೂ ದಂಡವಾಗಿಲ್ಲ.

ಮಾರ್ಚ್ ಪರೀಕ್ಷೆಗೆ ಮುಂಚಿನ ತಯಾರಿ ಪರೀಕ್ಷೆ ಸೋಮವಾರದಿಂದ ಶನಿವಾರದವರೆಗಿತ್ತು. ಅದರ ಹಿಂದಿನ ಭಾನುವಾರ ಗುಬ್ಬಿಯಿಂದ ಚನ್ನೇಶ್ ಫೋನು ಮಾಡಿದ. ಸರ್ವಮಂಗಳಮ್ಮನ ತಂಗಿ ಸಿದ್ದಗಂಗಮ್ಮನ ಮಗ.

"ದೊಡ್ಡಮ್ಮ, ಅಮ್ಮಂಗೆ ಇನ್ನಾಗಲ್ಲ ಅಂದವ್ರೆ ಡಾಕ್ಟ್ರು. ಮನೆಗೆ ಕರ್ಕೊಂಡ್ ಬಂದಿದೀವಿ. ಅಕ್ಕನ್ನ ಕರೀರಿ, ಅಕ್ಕನ್ನ ಕರೀರಿ ಅಂತಾವ್ಳೆ."

ಅಕ್ಕತಂಗಿ ಮಾತುಬಿಟ್ಟು ಹನ್ನೊಂದು ವರ್ಷವಾಗಿತ್ತು. ತಂಗಿಯ ಮಗಳ ಮದುವೆಯಲ್ಲಿ, ಮದುಮಗಳು ಎಲೆಯಲ್ಲಿ ಅನ್ನ ಬಿಟ್ಟಳೆಂದು ಸರ್ವಮಂಗಳಮ್ಮ ಬೀಗರೆದುರಿಗೇ ಅವಳನ್ನು ಮತ್ತೆ ಕೂರಿಸಿ ಉಣ್ಣಿಸಿದ್ದರು. "ಇದು ನಿನ್ನ ಹಾಸ್ಟೆಲ್ ಅಲ್ಲ ಕಣಕ್ಕ" ಎಂದಿದ್ದಳು ತಂಗಿ. ಇವರು ಅಲ್ಲಿಂದಲೇ ಬಸ್ಸು ಹತ್ತಿದ್ದರು. ತಪ್ಪು ತಮ್ಮದೆಂದು ಮಾರನೆಯ ದಿನವೇ ತಿಳಿದಿತ್ತು. ಹೇಳಲು ಬಾಯಿ ಬಂದಿರಲಿಲ್ಲ. ಆ ಭಾನುವಾರ ಅವರಿಗೆ ಬೇಕಾದದ್ದು ಒಂದೇ. ತಂಗಿ ಕಣ್ಣು ಮುಚ್ಚುವ ಮುಂಚೆ ಒಂದು ಮಾತು ಹೇಳಬೇಕು, ಇನ್ನೇನೂ ಬೇಡ. ಒಂದು ಸೀರೆ, ವಿಭೂತಿ ಡಬ್ಬಿ, ಮಾತ್ರೆಗಳನ್ನು ಬ್ಯಾಗಿಗೆ ತುಂಬಿ ಕುರ್ಚಿಯ ಕೆಳಗಿಟ್ಟುಕೊಂಡರು.

"ಗುಬ್ಬಿ ಏನು ಕಾಶೀನಾ, ಅರ್ಧ ಗಂಟೆ. ಕಾರಲ್ಲಿ ಬಿಟ್ಬಿಡು" ಎಂದರು ಮಗಳಿಗೆ.

"ಕಾರು ಸರ್ವೀಸಿಗೆ ಹೋಗಿದೆ ಕಣಮ್ಮ. ನಾಳೆ ನೋಡಣ" ಎಂದಳು ರೂಪಶ್ರೀ. ಅಮ್ಮನ ಚಿಕ್ಕ ಫೋನನ್ನು, ಚಾರ್ಜರ್ ಕೆಟ್ಟಿದೆಯೆಂದು, ತನ್ನ ಮೇಜಿನ ಡ್ರಾಯರಿನಲ್ಲಿ ಹಾಕಿಕೊಂಡಳು.

ಸೋಮವಾರ ಸಂಜೆ ಮೊಮ್ಮಗಳು ಸಿಂಚನಾ ಅಜ್ಜಿಯ ಕುರ್ಚಿಯ ಪಕ್ಕ ನೆಲದ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂತಿದ್ದಳು. ಎಂಟನೇ ಕ್ಲಾಸಿನ ಹುಡುಗಿ, ಚೌಕ ಚೌಕ ಕಲ್ಲು ಜೋಡಿಸಿ ಊರು ಕಟ್ಟುವ ಆಟದ ಹುಚ್ಚಿನವಳು.

"ಏನೇ ಅದು, ಗೋಡೆ ಮೇಲೆ ಗೋಡೆ?"

"ಕಬ್ಬಿಣದ ಫಾರಂ ಅಜ್ಜಿ. ಒಂದ್ಸಲ ಕಟ್ಟಿದ್ರೆ ಮುಗೀತು. ನಾವು ಗಣಿ ತೋಡೋದೇ ಬೇಡ, ಕಬ್ಬಿಣ ತಾನಾಗಿ ಬರುತ್ತೆ."

ಹೇಗೆ ಎಂದು ಕೇಳಿದ್ದಕ್ಕೆ ಬೆರಳಿಟ್ಟು ತೋರಿಸಿದಳು. ಈ ಕೋಣೆಯಲ್ಲಿ ಮೂವರು ಊರಜನ, ಮೂರು ಹಾಸಿಗೆ. ಅವರ ಎದುರಿಗೆ ಒಂದು ಪಿಶಾಚಿ, ಆಟದ ಭಾಷೆಯಲ್ಲಿ ಜೋಂಬಿ. ಅದನ್ನು ಕಂಡರೆ ಊರಜನ ಹೆದರುತ್ತಾರೆ. ಹೆದರಿದರೆ ಅವರನ್ನು ಕಾಯಲು ದೊಡ್ಡದೊಂದು ಕಬ್ಬಿಣದ ಆಳು ಹುಟ್ಟುತ್ತಾನೆ. ಹುಟ್ಟಿದ ಕೂಡಲೇ ಅವನನ್ನು ನೀರು ತಳ್ಳಿಕೊಂಡು ಹೋಗಿ ಬೆಂಕಿಯ ಲಾವಾಕ್ಕೆ ಬೀಳಿಸುತ್ತದೆ. ಅವನು ಸುಟ್ಟು ಕಬ್ಬಿಣದ ಗಟ್ಟಿಯಾಗಿ ಕೆಳಗಿನ ಪೆಟ್ಟಿಗೆಗೆ ಬೀಳುತ್ತಾನೆ. ಇವರು ಮತ್ತೆ ಹೆದರುತ್ತಾರೆ, ಇನ್ನೊಬ್ಬ ಹುಟ್ಟುತ್ತಾನೆ.

"ಕಾಯಕ್ಕೆ ಬಂದೋನ್ನೇ ಸುಡ್ತೀರಾ?"

"ಅದಕ್ಕೇ ಅಲ್ವಾ ಅಜ್ಜಿ ಫಾರಂ ಅನ್ನೋದು."

ಆ ದಿನ ಜೋಂಬಿ ನೇರ ಹೋಗಿ ಮೂವರನ್ನೂ ತಿಂದುಹಾಕಿತು. ಸರ್ವಮಂಗಳಮ್ಮನಿಗೆ ನಗು ತಡೆಯಲಾಗಲಿಲ್ಲ. "ಅದು ಮುಟ್ಟಬಾರ್ದು ಕಣೇ, ಕಾಣಿಸ್ಬೇಕು ಅಷ್ಟೇ. ನಡುವೆ ಒಂದು ಅಡ್ಡ ಇರ್ಲಿ" ಎಂದರು. ಸಿಂಚನಾ ಬೇರೆ ಮೂವರನ್ನು ತಂದು ನಡುವೆ ಬೇಲಿ ಹಾಕಿದಳು. ಸರ್ವಮಂಗಳಮ್ಮ ಆ ರಾತ್ರಿ ಊಟಕ್ಕೆ ಕೂತಾಗ ಮತ್ತೆ ಗುಬ್ಬಿಯ ಮಾತೆತ್ತಿದರು. ಕಾರು ಇನ್ನೂ ಬಂದಿರಲಿಲ್ಲ.

ಮಂಗಳವಾರ ಬೆಳಿಗ್ಗೆ ರೂಪಶ್ರೀಗೆ ಯಾರದೋ ಫೋನು ಬಂತು. ಅವಳು ಮಾತಾಡುತ್ತಲೇ ಮಹಡಿ ಹತ್ತಿ ಹೋದಳು, ಇಳಿದು ಬಂದು ಕಾಫಿ ಕೊಟ್ಟಳು. ಸಂಜೆ ಫಾರಂ ಒಂದೇ ಒಂದು ಆಳನ್ನು ಹುಟ್ಟಿಸಿ ನಿಂತುಹೋಗಿತ್ತು. ಸಿಂಚನಾ ಮುಖ ಸಪ್ಪಗೆ ಮಾಡಿಕೊಂಡಿದ್ದಳು.

"ಅವ್ರು ನಿದ್ದೆ ಮಾಡ್ತಾರೇನೇ?" ಎಂದು ಕೇಳಿದರು ಅಜ್ಜಿ.

"ಎಲ್ಲಿ ಮಾಡ್ತಾರೆ, ಅದು ಎದುರಿಗೇ ನಿಂತಿದೆಯಲ್ಲ."

"ಇನ್ನೇನು ಮತ್ತೆ. ಯಾವಾಗ್ಲೂ ಕಣ್ಣಿಗೆ ಬೀಳ್ತಿದ್ರೆ ಜನ ಸೊರಗ್ತಾರೆ, ಕೆಲ್ಸಕ್ಕೆ ಬರಲ್ಲ. ನಾನೂ ಹಾಸ್ಟೆಲಲ್ಲಿ ನಡುನಡುವೆ ಎದ್ದು ಒಳಗೆ ಹೋಗ್ತಿದ್ದೆ. ಅಬ್ಬಾ ಹೋದ್ಲು ಅನ್ಕೊಂಡು ಮಲಗೋವು. ಮತ್ತೆ ಬಂದು ಕೂತ್ಕೋತಿದ್ದೆ. ಆಗ ಇನ್ನೂ ಜಾಸ್ತಿ ಹೆದರೋವು."

ಸಿಂಚನಾ ಅಜ್ಜಿಯ ಮುಖವನ್ನು ಒಂದು ಗಳಿಗೆ ನೋಡಿದಳು. ಜೋಂಬಿಯ ಕಾಲ ಕೆಳಗೆ ನೀರು ಬಿಟ್ಟಳು; ಅದು ಮೇಲೆದ್ದು ಕಾಣಿಸುವುದು, ಮುಳುಗಿ ಮರೆಯಾಗುವುದು, ಹೀಗೆ ಶುರುವಾಯಿತು. ಊರಜನ ಮಲಗಿದರು, ಎದ್ದರು, ಹೆದರಿದರು. ಧಡ್ಡನೆ ಒಬ್ಬ ಹುಟ್ಟಿ ಲಾವಾಕ್ಕೆ ಬಿದ್ದ. ಹಿಂದೆಯೇ ಇನ್ನೊಬ್ಬ. ಸರ್ವಮಂಗಳಮ್ಮ ಕುರ್ಚಿಯ ಕೈ ತಟ್ಟಿ ಮೆಚ್ಚಿಕೊಂಡರು. ಶೆಡ್ಡಿನ ಮಕ್ಕಳು ಬೆಚ್ಚಿ ಪುಸ್ತಕಕ್ಕೆ ಬಗ್ಗಿದರು.

ಬುಧವಾರ ರೂಪಶ್ರೀ ಬ್ಯಾಂಕಿನಲ್ಲಿ ಕೆಲಸವಿದೆಯೆಂದು ಹನ್ನೊಂದಕ್ಕೆ ಹೋದವಳು ನಾಲ್ಕೂವರೆಗೆ ಬಂದಳು. ಬಂದವಳೇ ಇನ್ನೊಮ್ಮೆ ತಲೆಗೆ ನೀರು ಹಾಕಿಕೊಂಡಳು. ಕಾರು ಅಂಗಳದಲ್ಲಿ ನಿಂತಿರುವುದನ್ನು ಸರ್ವಮಂಗಳಮ್ಮ ನೋಡಿದರು.

"ಕಾರು ಬಂತಲ್ಲ. ನಾಳೆ ಬೆಳಿಗ್ಗೆ ಹೋಗಣ."

"ನಾಳೆ ಮ್ಯಾಥ್ಸ್ ಇದೆ ಮಕ್ಕಳಿಗೆ. ನೀನು ಇಲ್ದಿದ್ರೆ ಇವು ಕೂರ್ತಾವಾ ಅಮ್ಮ? ಶನಿವಾರ ಮುಗೀಲಿ, ನಾನೇ ಕರ್ಕೊಂಡು ಹೋಗ್ತೀನಿ."

ನೀನು ಇಲ್ಲದಿದ್ದರೆ ಎಂಬ ಮಾತಿಗೆ ಮುದುಕಿ ಸೋತರು. ಹಾಳು ಹೆಮ್ಮೆ. ಕನ್ನಡಕ ಇಳಿಸಿ ಕೂತರು.

ಆ ಸಂಜೆ ಸಿಂಚನಾ ಆಟ ತೆರೆದರೆ ಜೋಂಬಿ ಮಾಯವಾಗಿತ್ತು. "ನಾವು ದೂರ ಹೋದ್ರೆ ಅದು ಇಲ್ಲದೇ ಆಗ್ಬಿಡುತ್ತೆ ಅಜ್ಜಿ. ಹೆಸರಿಟ್ರೆ ಮಾತ್ರ ಹೋಗಲ್ಲ, ಯಾವಾಗ್ಲೂ ಅಲ್ಲೇ ಇರುತ್ತೆ" ಎಂದು ಇನ್ನೊಂದು ಜೋಂಬಿಯನ್ನು ಹಿಡಿದು ತಂದಳು. "ಏನ್ ಹೆಸರಿಡ್ಲಿ?"

"ನಂದೇ ಇಡು" ಎಂದರು ಸರ್ವಮಂಗಳಮ್ಮ, ನಗುತ್ತಾ. "ಇಪ್ಪತ್ತೊಂಬತ್ತು ವರ್ಷ ಅದೇ ಕೆಲ್ಸ ಮಾಡಿದೀನಿ."

ಸಿಂಚನಾಳ ಬೆರಳು ಕೀಲಿಗಳ ಮೇಲೆ ತುಸು ಹೊತ್ತು ನಿಂತಿತು. ಆಮೇಲೆ ಒಂದೊಂದೇ ಅಕ್ಷರ ಒತ್ತಿದಳು. ಹಸಿರು ಮುಖದ ಮೇಲೆ ಹೆಸರು ಮೂಡಿತು. ಗುರುವಾರ, ಶುಕ್ರವಾರ ಪೆಟ್ಟಿಗೆಗೆ ಕಬ್ಬಿಣ ಬೀಳುತ್ತಲೇ ಇತ್ತು. ಕುರ್ಚಿಯ ಕೆಳಗಿನ ಬ್ಯಾಗು ಹಾಗೆಯೇ ಇತ್ತು.

ಶನಿವಾರ ಸಂಜೆ ಮಕ್ಕಳು ಕೊನೆಯ ಪೇಪರು ಮುಗಿಸಿ, ಮೈಸೂರು ಪಾಕು ಹಂಚಿ ಹೋದರು. ಸರ್ವಮಂಗಳಮ್ಮ ಬ್ಯಾಗನ್ನು ಮಡಿಲಿಗೆ ತೆಗೆದುಕೊಂಡರು. ರೂಪಶ್ರೀ ಬಂದು ಎದುರಿನ ಬೆಂಚಿನಲ್ಲಿ ಕೂತಳು.

"ಚಿಕ್ಕಮ್ಮ ಮಂಗಳವಾರ ಬೆಳಿಗ್ಗೇನೇ ಹೋದ್ಲಮ್ಮ. ಬುಧವಾರ ಮಣ್ಣು ಮಾಡಿದ್ರು. ನಾನು ಹೋಗಿ ಬಂದೆ."

ಬ್ಯಾಗಿನ ಜಿಪ್ಪನ್ನು ಸರ್ವಮಂಗಳಮ್ಮ ಎಳೆದರು, ಮುಚ್ಚಿದರು, ಮತ್ತೆ ಎಳೆದರು.

"ಚನ್ನೇಶ ನನ್ನ ಕೇಳ್ಲಿಲ್ವಾ?"

"ಕೇಳ್ದ. ಅಮ್ಮಂಗೆ ಬರಕ್ಕಾಗಲ್ಲ, ನೀವು ಮುಗಿಸ್ಕೊಳ್ಳಿ ಅಂದೆ. ಭಾನುವಾರದಿಂದ ಚಿಕ್ಕಮ್ಮ ಬಾಗಿಲ ಕಡೇನೇ ನೋಡ್ತಿದ್ಲಂತೆ."

ಮುಖ ನೋಡಲಿಲ್ಲ. ಒಂದು ಹಿಡಿ ಮಣ್ಣು ಹಾಕಲಿಲ್ಲ. ಹೇಳಬೇಕಿದ್ದ ಮಾತು ಇನ್ನು ಯಾರಿಗೂ ಹೇಳುವಂತಿಲ್ಲ. ಸರ್ವಮಂಗಳಮ್ಮ ಮಗಳನ್ನು ಬಿಟ್ಟು ನೆಲದ ಮೇಲಿದ್ದ ಮೊಮ್ಮಗಳ ಕಡೆ ತಿರುಗಿದರು. ಬಾಯಿಗೆ ಬಂದ ಪ್ರಶ್ನೆ ತಮ್ಮದಲ್ಲ ಎಂಬುದು ಅವರಿಗೆ ಕೇಳುತ್ತಿರುವಾಗಲೇ ಗೊತ್ತಾಯಿತು.

"ನನ್ನ ಹೆಸರು ಬರೀವಾಗ ನಿಂಗೆ ಗೊತ್ತಿತ್ತಾ?"

ಸಿಂಚನಾ ತಲೆಯೆತ್ತಲಿಲ್ಲ. "ಗೊತ್ತಿತ್ತು ಅಜ್ಜಿ. ಪರೀಕ್ಷೆ ಮುಗೀಲಿ ಅಂದ್ಲು ಅಮ್ಮ."

"ನೀನೇ ನನ್ನ ಜಾಗದಲ್ಲಿದ್ದಿದ್ರೂ ಇದನ್ನೇ ಮಾಡ್ತಿದ್ದೆ" ಎಂದಳು ರೂಪಶ್ರೀ. ಅವಳ ದನಿಯಲ್ಲಿ ಕೋಪವಿರಲಿಲ್ಲ, ಹಂಗಿಸುವ ಉದ್ದೇಶವೂ ಇರಲಿಲ್ಲ. ಕಲಿತ ಪಾಠ ಒಪ್ಪಿಸುವ ಹಾಗೆ ಹೇಳಿದಳು.

ಸರ್ವಮಂಗಳಮ್ಮ ಲ್ಯಾಪ್‌ಟಾಪನ್ನೇ ನೋಡಿದರು. ಅವರ ಹೆಸರು ಮೇಲೇಳುತ್ತಿತ್ತು, ಮುಳುಗುತ್ತಿತ್ತು. ಬೇಲಿಯಾಚೆ ಮೂವರು ಹಾಸಿಗೆಯಿಂದ ಎದ್ದು ನಡುಗುತ್ತಿದ್ದರು.

"ಅದನ್ನ ತೆಗೆದುಬಿಡು ಪುಟ್ಟಿ" ಎಂದರು.

"ತಾನಾಗಿ ಹೋಗಲ್ಲ ಅಜ್ಜಿ, ಹೆಸರಿಟ್ಟಾಗಿದೆ. ಕೊಲ್ಲಬೇಕಷ್ಟೆ" ಎಂದಳು ಸಿಂಚನಾ. "ಪೆಟ್ಟಿಗೆ ಇನ್ನೂ ಅರ್ಧ ಖಾಲಿ ಇದೆ. ತುಂಬಲಿ, ಇರು."

ರೂಪಶ್ರೀ ಎದ್ದು ಅಮ್ಮನ ಮಡಿಲಿಂದ ಬ್ಯಾಗು ತೆಗೆದು ಒಳಗಿಟ್ಟು ಬಂದಳು. ಸೋಮವಾರದಿಂದ ಒಂಬತ್ತನೇ ಕ್ಲಾಸಿನವರೂ ಬರುವವರಿದ್ದರು. ಅಷ್ಟೂ ಬೆಂಚು ಕಾಣುವಂತೆ ಕುರ್ಚಿಯನ್ನು, ಅಮ್ಮ ಕೂತಿದ್ದ ಹಾಗೆಯೇ, ಅರ್ಧ ಅಡಿ ಎಡಕ್ಕೆ ಸರಿಸಿದಳು.