ತುಳಸಿ ಎಲೆ ತೊಳೆದ ನೀರು

ನಮ್ಮ ವಿಜ್ಞಾನದ ಸರ್ ಅವರ ಬಲಗೈ ಬೆರಳುಗಳ ತುದಿ ಸದಾ ನೆನೆದು ಸುಕ್ಕಾಗಿರುತ್ತಿತ್ತು. ಅವರು ಡಸ್ಟರ್ ಮುಟ್ಟುತ್ತಿರಲಿಲ್ಲ. ಹಳೆಯ ಧೋತರದ ತುಂಡನ್ನು ನೀರಲ್ಲಿ ಅದ್ದಿ ಬೋರ್ಡು ಒರೆಸುತ್ತಿದ್ದರು. ಅದು ಆರುವ ತನಕ ಪಾಠ ನಿಲ್ಲುತ್ತಿತ್ತು, ನಮಗೆ ಹಬ್ಬ. ಮನೆಯಲ್ಲೂ ಅದೇ ಹುಚ್ಚು. ಪೂಜೆಗೆ ಮೊದಲು ಅಂಗಳದ ತುಳಸಿಯ ಒಂದೊಂದೇ ಎಲೆಯನ್ನು ಎರಡೂ ಬದಿ ತೊಳೆಯುತ್ತಿದ್ದರು. ಕಲ್ಲಿನ ಧೂಳು ಕೂರುವ ನಮ್ಮ ಶಹಾಬಾದಿನ ಓಣಿಯಲ್ಲಿ ಹಸಿರಾಗಿ ಕಾಣುವ ತುಳಸಿ ಅದೊಂದೇ.

“ಕಾಣೋ ಧೂಳು ಮೂಗಿನಾಗ ನಿಲ್ತದ. ಕಾಣದ್ದು ಎದಿಗೆ ಇಳೀತದ. ಅದಕ್ಕ ಅಂಜ್ರಿ,” ಎನ್ನುತ್ತಿದ್ದರು. ನಾವು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು.

ಅಪ್ಪ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿದ್ದ. ಸಂಜೆ ಕೆಲಸ ಬಿಡುವಾಗ ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಬೆಲ್ಲದ ಉಂಡೆ ಕೊಡುತ್ತಿದ್ದರು. ಬೆಲ್ಲ ತಿಂದರೆ ಎದೆಯ ಧೂಳು ಕರಗಿ ಹೋಗುತ್ತದೆಂದು ಎಲ್ಲರ ನಂಬಿಕೆ. ಅಪ್ಪ ಅರ್ಧ ತಿಂದು ಅರ್ಧ ನನಗೆ ತರುತ್ತಿದ್ದ. ಅವನ ಅಂಗಿಯನ್ನು ಬಾಗಿಲಲ್ಲಿ ಝಾಡಿಸುವುದು ನನ್ನ ಕೆಲಸ. ಬಿಸಿಲಲ್ಲಿ ಏಳುವ ಆ ಬಿಳಿ ಮೋಡ ನನಗೆ ಭಾರಿ ಇಷ್ಟ. ಪಕ್ಕದಲ್ಲೇ ಅವ್ವ ರೊಟ್ಟಿ ಬಡಿಯುತ್ತಿದ್ದಳು.

ಒಮ್ಮೆ ಕ್ಲಾಸಿನಲ್ಲಿ ಬೆಲ್ಲ ಚೀಪುತ್ತಾ ಸಿಕ್ಕಿಬಿದ್ದೆ. ಎಲ್ಲಿಯದೆಂದು ಸರ್ ಕೇಳಿದರು, ಹೇಳಿದೆ. ಅವರು ಬೈಯಲಿಲ್ಲ. ಆ ಭಾನುವಾರ ನಮ್ಮ ಮನೆಗೇ ಬಂದರು.

“ಬೆಲ್ಲ ಹೊಟ್ಟಿಗೆ ಹೋಗ್ತದ, ಧೂಳು ಪುಪ್ಪುಸಕ್ಕ ಹೋಗ್ತದ. ಎರಡಕ್ಕೂ ಹಾದಿ ಬ್ಯಾರೆ ಅದ. ಕಲ್ಲಿನ ಮ್ಯಾಲ ನೀರು ಬಿಟ್ಕೊಂಡು ಕೆಲಸ ಮಾಡ್ರಿ,” ಎಂದರು.

ಅಪ್ಪ ನಕ್ಕ. “ಬ್ಯಾಸಗ್ಯಾಗ ಕುಡ್ಯಾಕ ನೀರಿಲ್ರಿ ಸರ್, ಕಲ್ಲಿಗೆ ಎಲ್ಲಿಂದ ತರೂದು? ಹತ್ತು ವರ್ಷ ಆತು, ಬೆಲ್ಲ ತಿನ್ಲಾಕತ್ತೀನಿ. ಏನಾಗ್ಯಾದ?” ಎಂದವನಿಗೆ ಕೆಮ್ಮು ಬಂತು.

ಸರ್ ನನ್ನ ಕಡೆ ತಿರುಗಿದರು. “ಅಂಗಿ ಝಾಡಿಸಬ್ಯಾಡವ್ವಾ. ನೀರಾಗ ಅದ್ದು. ಇಷ್ಟರೆ ಮಾಡ್ತೀಯೇನು?”

ಮಾಡಿದೆ. ಆದರೆ ಅಪ್ಪ ಮೂರು ವರ್ಷವೂ ಉಳಿಯಲಿಲ್ಲ. ಅವನ ಕೊನೆಯ ಅಂಗಿಯನ್ನು ಬಕೆಟ್ಟಿಗೆ ಅದ್ದಿದಾಗ ಜೇಬಿನಲ್ಲಿದ್ದ ಬೆಲ್ಲ ಕರಗಿ ನೀರು ಕೆಂಪಾಯಿತು. ಬೆಲ್ಲದ ಮೇಲೆ ನನಗೆ ಆ ದಿನ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಫೀಸು, ಪುಸ್ತಕ ಎಲ್ಲ ನೋಡಿಕೊಂಡು ನನ್ನನ್ನು ಓದಿಸಿದವರು ಸರ್. ನಾನೂ ಚಿತ್ತಾಪುರದಲ್ಲಿ ವಿಜ್ಞಾನದ ಟೀಚರಾದೆ, ಒದ್ದೆ ಬಟ್ಟೆಯಲ್ಲೇ ಬೋರ್ಡು ಒರೆಸಿದೆ. ಎರಡು ಸಾವಿರದ ಇಸವಿಯ ಈಚೆಗೆ ಒಂದು ದಿನ ಊರಿಗೆ ಬಂದಾಗ ಪೇಪರಿನ ತುಂಡೊಂದನ್ನು ಅವರಿಗೆ ಓದಿ ಹೇಳಿದೆ. ನ್ಯಾನೋ ಎಂಬ ಅತಿ ಸಣ್ಣ ಕಣಗಳನ್ನು ಈಗ ಬಣ್ಣ, ಕ್ರೀಮು, ಬಟ್ಟೆಗಳಿಗೆ ಸೇರಿಸುತ್ತಾರಂತೆ. ಅವುಗಳಲ್ಲಿ ಕೆಲವು ಪುಪ್ಪುಸ ದಾಟಿ ರಕ್ತಕ್ಕೂ ಇಳಿಯಬಹುದಂತೆ. ಬಟ್ಟೆ ಒಗೆದ ನೀರಿನೊಂದಿಗೆ ಹಳ್ಳ ಸೇರಿ ಮೀನಿಗೂ ಕೆಡುಕಂತೆ. ಪೂರ್ತಿ ಇನ್ನೂ ಯಾರಿಗೂ ಗೊತ್ತಿಲ್ಲವಂತೆ.

ಸರ್ ಆ ತುಂಡನ್ನು ಕೈಗೆ ತೆಗೆದುಕೊಂಡರು. “ಗೊತ್ತಾಗೂ ತನಕ ಜನಕ್ಕ ಏನು ಕೊಡ್ತಾರಂತ? ಬೆಲ್ಲ?” ಎಂದರು. ಆಮೇಲೆ ತಮ್ಮ ಸುಕ್ಕುಬಿದ್ದ ಬೆರಳು ನೋಡಿಕೊಂಡರು. “ಜಲ್ಮ ಪೂರಾ ನೀರಾಗ ಅದ್ದರಿ, ನೀರಾಗ ಅದ್ದರಿ ಅಂದೆ. ಆ ನೀರು ಎಲ್ಲಿಗೆ ಹೋಗ್ತದಂತ ಒಂದಿನಾನೂ ಕೇಳಿಕೊಳ್ಳಲಿಲ್ಲವ್ವಾ.”

ಅವರು ಅಷ್ಟು ಹೆದರಿದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಮರುವರ್ಷ ಸರ್ ಹಾಸಿಗೆ ಹಿಡಿದ ಸುದ್ದಿ ಕೇಳಿ ಬಂದೆ. ಅವರ ಉಸಿರು ಕ್ಷೀಣವಾದ ಬೆಳಿಗ್ಗೆ ಅಮ್ಮನವರು, ಅಂದರೆ ಸರ್ ಅವರ ಹೆಂಡತಿ, “ಬಾಯಾಗ ಹಾಕ್ಲಿಕ್ಕೆ ಒಂದು ತುಳಸಿ ದಳ ತಾರವ್ವಾ,” ಎಂದರು. ಅಂಗಳಕ್ಕೆ ಓಡಿದೆ. ವಾರದಿಂದ ತೊಳೆಯುವವರಿಲ್ಲದೆ ಗಿಡವೆಲ್ಲ ಬೂದಿ ಬಣ್ಣಕ್ಕೆ ತಿರುಗಿತ್ತು. ಒಂದು ಎಲೆ ಕಿತ್ತು, ಬಟ್ಟಲಲ್ಲಿ ಎರಡೂ ಬದಿ ತೊಳೆದು, ಒಳಗೆ ಕೊಟ್ಟು ಬಂದೆ.

ಒಳಗಿಂದ ಅಮ್ಮನವರ ಅಳು ಕೇಳಿಸಿತು. ಆ ನೀರನ್ನು ಎಲ್ಲಿ ಚೆಲ್ಲುವುದೆಂದು ತಿಳಿಯದೆ ಬಟ್ಟಲು ಹಿಡಿದು ಅಂಗಳದಲ್ಲೇ ನಿಂತಿದ್ದೆ.